ಒಂಬತ್ತು ಪ್ರಶ್ನೆ, ಎರಡು ನಿಮಿಷ

ನಮ್ಮೂರ ಆರೋಗ್ಯ ಕೇಂದ್ರದ ಡಾಕ್ಟರು ಮೂರು ದಿನ ಟ್ರೈನಿಂಗ್‌ಗೆ ಹೋಗಿ ಬಂದರು. ಖಿನ್ನತೆಯನ್ನು ಗುರುತಿಸಿ ಮಾತ್ರೆ ಬರೆಯುವುದು ಹೇಗೆ ಅಂತ. ಬರುವಾಗ ಕೈಯಲ್ಲಿ ಒಂದು ಬ್ಯಾಗು, ಒಂದು ಪೆನ್ನು, ಒಂದು ಸರ್ಟಿಫಿಕೇಟು.

ಕಲಿಸೋದು ತಪ್ಪಲ್ಲ. 2015-16ರಲ್ಲಿ ನಿಮ್ಹಾನ್ಸ್ ನಡೆಸಿದ ರಾಷ್ಟ್ರೀಯ ಸಮೀಕ್ಷೆಯಲ್ಲಿ ಖಿನ್ನತೆ ಇದ್ದ ನೂರು ಜನರಲ್ಲಿ ಸುಮಾರು 85 ಮಂದಿಗೆ ಚಿಕಿತ್ಸೆಯೇ ಸಿಕ್ಕಿರಲಿಲ್ಲ. ಊರಿನ ಡಾಕ್ಟರಿಗೇ ಕಲಿಸೋಣ ಅಂತ ಬಳ್ಳಾರಿ ಜಿಲ್ಲೆಯಲ್ಲಿ 1985ರಲ್ಲೇ ಶುರು ಮಾಡಿದ್ದರು. ನಲವತ್ತು ವರ್ಷ ಆಯ್ತು. ಕಲಿಸ್ತಾನೇ ಇದ್ದೇವೆ.

ಕೇಳಬೇಕಾದ ಪ್ರಶ್ನೆ ಒಂಬತ್ತು. ಒಂದೊಂದಕ್ಕೂ ನಾಲ್ಕು ಉತ್ತರ, ಉತ್ತರಕ್ಕೆ ತಕ್ಕಂತೆ ಸೊನ್ನೆಯಿಂದ ಮೂರರವರೆಗೆ ಅಂಕ. ನಮ್ಮ ದೇಶದ ಡಾಕ್ಟರು ಒಬ್ಬ ರೋಗಿಗೆ ಕೊಡುವ ಸಮಯ ಸರಾಸರಿ 2 ನಿಮಿಷದ ಆಸುಪಾಸು ಅಂತ 2017ರಲ್ಲಿ ಬಿಎಂಜೆ ಓಪನ್ ಪತ್ರಿಕೆಯಲ್ಲಿ ಬಂದಿತ್ತು. ಭಾಗಿಸಿ ನೋಡಿ: ಪ್ರಶ್ನೆಗೆ 13 ಸೆಕೆಂಡು. ನಮಸ್ಕಾರ ಹೇಳೋ ಹಾಗಿಲ್ಲ.

"ಅಜ್ಜಿ, ಹೋದ ಎರಡು ವಾರದಲ್ಲಿ ಯಾವುದರಲ್ಲೂ ಆಸಕ್ತಿ ಇಲ್ಲ ಅನ್ನಿಸಿದೆಯಾ? ಒಂದು ದಿನವೂ ಇಲ್ಲ, ಕೆಲವು ದಿನ, ಅರ್ಧಕ್ಕಿಂತ ಜಾಸ್ತಿ ದಿನ, ಹೆಚ್ಚುಕಮ್ಮಿ ದಿನಾಲೂ?"

"ಮಂಡಿ ನೋವು ಕಣಪ್ಪ. ಒಂದು ಸೂಜಿ ಹಾಕು."

ಹೀಗೇ ಎಂಟು ಪ್ರಶ್ನೆ ದಾಟಿತು. ಬಾಗಿಲಲ್ಲಿ ಹನ್ನೆರಡು ಜನ ಚೀಟಿ ಹಿಡಿದು ಒಳಗೆ ಇಣುಕುತ್ತಿದ್ದರು. ಒಂಬತ್ತನೆಯದು ಸಾಯಬೇಕು ಅನ್ನಿಸುತ್ತದಾ ಅಂತ. ಡಾಕ್ಟರು ದನಿ ತಗ್ಗಿಸಿ ಕೇಳಿದರು. ಕ್ಯೂನಲ್ಲಿದ್ದ ಪಕ್ಕದ ಮನೆಯಾಕೆ ದನಿ ಏರಿಸಿ ಉತ್ತರ ಕೊಟ್ಟಳು: "ಇವಳಾ? ನೂರು ವರ್ಷ ಇರ್ತಾಳೆ ಬಿಡಿ ಸಾರ್!" ಎಲ್ಲರೂ ನಕ್ಕರು. ಅಜ್ಜಿ ತೆರೆದ ಬಾಯಿ ಮುಚ್ಚಿಕೊಂಡಳು. ಡಾಕ್ಟರು ಸೊನ್ನೆ ಹಾಕಿದರು.

ಆದರೂ ಒಟ್ಟು 27ಕ್ಕೆ 11 ಬಂತು. ಮಾತ್ರೆಗೆ ಪಾಸು. ಮಾತ್ರೆ ಕೆಲಸ ಶುರು ಮಾಡೋಕೆ ಎರಡು ಮೂರು ವಾರ ಬೇಕು. ಔಷಧಿ ಕಿಟಕಿಯಲ್ಲಿ ಕೊಟ್ಟಿದ್ದು ಐದು ದಿನದ್ದು. ಉಳಿದಿದ್ದಕ್ಕೆ ಇಂಡೆಂಟ್ ಹೋಗಿದೆಯಂತೆ.

ಸ್ವೀಡನ್ನಿನ ಗಾಟ್‌ಲ್ಯಾಂಡ್ ದ್ವೀಪದಲ್ಲೂ 1983-84ರಲ್ಲಿ ಊರಿನ ಡಾಕ್ಟರುಗಳಿಗೆ ಇದನ್ನೇ ಕಲಿಸಿದ್ದರು. ಆತ್ಮಹತ್ಯೆ ಕಮ್ಮಿಯಾಯಿತು. ಕೆಲವು ವರ್ಷ ಕಳೆದು ನೋಡಿದರೆ ಮತ್ತೆ ಮೊದಲಿನ ಹಾಗೇ. ಅಷ್ಟರಲ್ಲಿ ಕಲಿತವರಲ್ಲಿ ಸುಮಾರು ಅರ್ಧ ಜನ ದ್ವೀಪ ಬಿಟ್ಟು ಹೋಗಿದ್ದರು. ಆ ದೇಶದಲ್ಲಿ ಡಾಕ್ಟರು ರೋಗಿಗೆ 20 ನಿಮಿಷಕ್ಕೂ ಜಾಸ್ತಿ ಕೊಡ್ತಾರೆ, ಅದು ಬೇರೆ ಮಾತು. ನಮ್ಮಲ್ಲಿ ವರ್ಷಗಟ್ಟಲೆ ಕಾಯಿಸೋ ಪದ್ಧತಿ ಇಲ್ಲ. ಟ್ರೈನಿಂಗ್ ಮುಗಿದ ಆರನೇ ವಾರಕ್ಕೆ ಡಾಕ್ಟರಿಗೆ ವರ್ಗಾವಣೆ ಆರ್ಡರ್ ಬಂತು. ಅವರ ಜಾಗಕ್ಕೆ ಬಂದವರು ಮೂರು ದಿನದ ಹಾವು ಕಡಿತದ ಟ್ರೈನಿಂಗ್ ಮುಗಿಸಿದವರು.

ಹೋದ ಮಂಗಳವಾರ ಅಜ್ಜಿ ಮತ್ತೆ ಬಂದಿದ್ದಳು. ಈ ಸಲ ಬೆಳಿಗ್ಗೆ ಏಳಕ್ಕೇ, ಕ್ಯೂ ಇಲ್ಲದಾಗ. ಹೊಸ ಡಾಕ್ಟರು ಬಂದ ಕೂಡಲೇ ಏನೂ ಕೇಳದೆ ಬಿ ಕಾಂಪ್ಲೆಕ್ಸ್ ಸೂಜಿ ಹಾಕಿದರು. ಅಜ್ಜಿ ಏಳಲಿಲ್ಲ.

"ಪ್ರಶ್ನೆ ಕೇಳ್ತಿದ್ದ ಡಾಕ್ಟರು ಎಲ್ಲಪ್ಪಾ? ಕೊನೇದಕ್ಕೆ ನಾನು ಇನ್ನೂ ಏನೂ ಹೇಳಿರಲಿಲ್ಲ."