ಆ ಅಂಗಳವೂ ಹೋಯಿತು

ನಿನ್ನೆ ಬೆಳಿಗ್ಗೆ ಏಳೂವರೆಗೆ ಪಕ್ಕದ ಮನೆಗೆ ಜೆಸಿಬಿ ಬಂತು. ಹತ್ತು ಗಂಟೆ ಆಗುವಾಗ ಅಂಗಳದ ಕೆಂಪು ಮಣ್ಣು ಒಂದು ಅಡಿ ಕೆರೆದು ಟಿಪ್ಪರಿಗೆ ಹಾಕಿ ಆಗಿತ್ತು. ಮಧ್ಯಾಹ್ನ ಜಲ್ಲಿ ಹುಡಿ ಸುರಿದು ಮಿಷನ್ನಿನಲ್ಲಿ ಕುಟ್ಟಿದರು. ಆ ಕುಟ್ಟುವ ಹೊಡೆತಕ್ಕೆ ನಮ್ಮ ಅಡುಗೆಮನೆಯ ಲೋಟಗಳೆಲ್ಲ ಅದುರುತ್ತಿದ್ದವು. ಸಂಜೆಗೆ ಅಂಗಳಕ್ಕೆ ಹಾಸುವ ಇಂಟರ್‌ಲಾಕ್ ಸಿಮೆಂಟ್ ಬ್ಲಾಕಿನ ಮೊದಲ ಲೋಡು ಇಳಿಯಿತು. ಪತ್ತನಾಜೆಯ ಒಳಗೆ, ಅಂದರೆ ಮೇ ತಿಂಗಳು ಮುಗಿಯುವ ಮೊದಲು ಮುಗಿಸಬೇಕಂತೆ, ಮಳೆ ಹಿಡಿದರೆ ಕೆಲಸ ನಿಲ್ಲುತ್ತದೆ.

ಉಡುಪಿ ಹತ್ತಿರದ ಪರ್ಕಳದ ನಮ್ಮ ಓಣಿಯಲ್ಲಿ ಹದಿನಾಲ್ಕು ಮನೆ. ಮಣ್ಣಿನ ಅಂಗಳ ಉಳಿದಿದ್ದದ್ದು ಎರಡೇ, ಅವರದ್ದು ಮತ್ತು ನಮ್ಮದು. ಈಗ ನಮ್ಮದು ಮಾತ್ರ.

ಐದು ಗಂಟೆಗೆ ಮಕ್ಕಳು ದಿನದ ಹಾಗೆ ಹಾಕಿ ಸ್ಟಿಕ್ ಹಿಡಿದುಕೊಂಡು ಬಂದರು. ಆಡುತ್ತಿದ್ದದ್ದು ಪಕ್ಕದ ಮನೆಯ ಅಂಗಳದಲ್ಲಿ, ಅದು ನಮ್ಮದಕ್ಕಿಂತ ದೊಡ್ಡದು, ನಡುವೆ ಪಾಗಾರ ಇಲ್ಲ, ಬರೀ ದಾಸವಾಳದ ಬೇಲಿ. ಹಲಸಿನ ಮರದಿಂದ ಸರಿಯಾಗಿ ಹನ್ನೆರಡು ಅಡಿ ಅಳೆದು ನಾನೇ ಒಂದು ಅಡಿಕೆ ಮರದ ಕಂಬ ಹುಗಿದಿದ್ದೆ. ನಿಜವಾದ ಗೋಲಿನ ಅಗಲವೂ ಅಷ್ಟೇ, 3.66 ಮೀಟರ್. ಕಂಬ ಕಿತ್ತು ಬೇಲಿಯ ಬುಡಕ್ಕೆ ಎಸೆದಿದ್ದರು. ಏಳನೇ ಕ್ಲಾಸಿನ ಹುಡುಗಿ ಒಬ್ಬಳು ಅದನ್ನು ಎತ್ತಿ ನಿಲ್ಲಿಸಿ, ಮತ್ತೆ ಮಲಗಿಸಿ, ನನ್ನ ಮುಖ ನೋಡಿದಳು. "ಮಾಮ, ನಾಳೆಯಿಂದ ಎಲ್ಲಿ?" ಏನು ಹೇಳುವುದು ನಾನು? ರಾತ್ರಿ ಊಟ ಸೇರಲಿಲ್ಲ. ಅದಕ್ಕೇ ಬೆಳಿಗ್ಗೆಯೇ ಕೂತು ಬರೆಯುತ್ತಿದ್ದೇನೆ.

ಇಂಟರ್‌ಲಾಕ್ ಹಾಕಿದ ಮೇಲೂ ಆಡಬಹುದಲ್ಲ ಎಂದು ಕೇಳುವವರಿಗೆ ಹೇಳುತ್ತೇನೆ. ನನ್ನ ಹತ್ತಿರ ಇರುವುದೆಲ್ಲ ಹಳೆಯ ಮರದ ಸ್ಟಿಕ್ಕುಗಳು, ಹಿಪ್ಪುನೇರಳೆ ಮರದವು. ಹಿಡಿಕೆ ಬೆತ್ತದ್ದು. ಬಿರುಕು ಬಿಟ್ಟದ್ದಕ್ಕೆ ಅಂಟು ತುಂಬಿ, ನೂಲು ಸುತ್ತಿ, ಎರಡು ದಿನ ಕಟ್ಟಿಟ್ಟು ಒಣಗಿಸಿ ಮಕ್ಕಳಿಗೆ ಕೊಡುವುದು. ರಿಟೈರ್ ಆದಮೇಲೆ ನನ್ನ ಸಂಜೆಗಳೆಲ್ಲ ಇದರಲ್ಲೇ ಕಳೆದದ್ದು ನಿಮಗೆ ಗೊತ್ತೇ ಉಂಟು. ಸಿಮೆಂಟ್ ಬ್ಲಾಕಿನ ಮೇಲೆ ಆ ಸ್ಟಿಕ್ಕಿನ ತುದಿ ಉಜ್ಜಿ ಉಜ್ಜಿ ನಾಲ್ಕು ದಿನದಲ್ಲಿ ನಾರು ಏಳುತ್ತದೆ. ಬ್ಲಾಕಿನ ಅಂಚಿಗೆ ಬಡಿದ ಬಾಲು ಮೊಣಕಾಲಿಗೇ ಹಾರುತ್ತದೆ, ಅದೇನು ರಬ್ಬರ್ ಬಾಲಲ್ಲ, 160 ಗ್ರಾಮಿನ ಗಟ್ಟಿ ಬಾಲು. ಬಿದ್ದರೆ ಚರ್ಮ ಕಿತ್ತು ಬರುತ್ತದೆ.

ಆದರೆ ನನ್ನ ಸಿಟ್ಟು ಆಟದ್ದು ಮಾತ್ರ ಅಲ್ಲ. ಉಡುಪಿಯಲ್ಲಿ ವರ್ಷಕ್ಕೆ 4,000 ಮಿಲಿಮೀಟರಿಗಿಂತ ಹೆಚ್ಚು ಮಳೆ. ಒಂದು ಚದರ ಮೀಟರಿಗೆ ಒಂದು ಮಿಲಿಮೀಟರ್ ಮಳೆ ಅಂದರೆ ಒಂದು ಲೀಟರ್ ನೀರು. ಬರೀ ಮೂರು ಸೆಂಟ್ಸ್ ಅಂಗಳ, ಅಂದರೆ ಸುಮಾರು 120 ಚದರ ಮೀಟರ್ ಲೆಕ್ಕ ಹಾಕಿ. ನಾಲ್ಕೂಮುಕ್ಕಾಲು ಲಕ್ಷ ಲೀಟರಿಗಿಂತ ಹೆಚ್ಚಾಯಿತು! ಅರ್ಧ ಹರಿದುಹೋದರೂ ಉಳಿದ ಅರ್ಧ ಮುರಕಲ್ಲಿನ, ಅಂದರೆ ಜಂಬಿಟ್ಟಿಗೆ ಕಲ್ಲಿನ, ತೂತುಗಳಲ್ಲಿ ಇಳಿದು ಬಾವಿ ಸೇರಬೇಕಾದ ನೀರು. ಅದಕ್ಕೆ ಮುಚ್ಚಳ ಹಾಕುತ್ತೇವೆ. ದುಡ್ಡು ಕೊಟ್ಟು ಹಾಕಿಸುತ್ತೇವೆ. ಏಪ್ರಿಲಿನಲ್ಲಿ ಬಾವಿ ತಳ ಕಂಡಾಗ ಮತ್ತೆ ದುಡ್ಡು ಕೊಟ್ಟು ಟ್ಯಾಂಕರ್ ತರಿಸುತ್ತೇವೆ.

ಬ್ಲಾಕಿನ ಸಂದಿಯಲ್ಲಿ ನೀರು ಇಳಿಯುತ್ತದೆ ಸರ್ ಎಂದು ಕಂಟ್ರಾಕ್ಟರ್ ನನ್ನ ಹತ್ತಿರವೂ ಹೇಳಿದ್ದ. ಎಲ್ಲಿ ಇಳಿಯುತ್ತದೆ? ಕೆಳಗೆ ಜಲ್ಲಿ ಹುಡಿ ಕುಟ್ಟಿ ಕಲ್ಲು ಮಾಡಿರುತ್ತಾರೆ, ಒಂದು ಮಳೆಗಾಲ ಕಳೆದರೆ ಸಂದಿಯಲ್ಲಿ ಕೆಸರು ತುಂಬಿ ಪಾಚಿ ಕಟ್ಟುತ್ತದೆ. ಆಮೇಲೆ ನೀರೆಲ್ಲ ಗೇಟಿನ ಅಡಿಯಿಂದ ರಸ್ತೆಗೆ, ರಸ್ತೆಯಿಂದ ತೋಡಿಗೆ.

ಹೇಗೆ ಗೊತ್ತು ಎಂದರೆ, ನಾನೂ ಹಾಕಿಸಿದ್ದೆ. ಇದನ್ನು ಇಲ್ಲಿ ಯಾವತ್ತೂ ಬರೆದಿರಲಿಲ್ಲ. 2017ರ ಆಟಿಯಲ್ಲಿ, ಜೋರು ಮಳೆಯ ತಿಂಗಳಲ್ಲಿ, ಅಮ್ಮ ತುಳಸಿಕಟ್ಟೆಯ ಹತ್ತಿರ ಜಾರಿ ಬಿದ್ದು ಕೈ ಮುರಿದುಕೊಂಡರು. ಆ ಹೆದರಿಕೆಯಲ್ಲಿ ಬೇಸಿಗೆ ಬಂದ ಕೂಡಲೇ ಎದುರಿನ ಅಂಗಳ ಪೂರ್ತಿ ಬ್ಲಾಕ್ ಹಾಸಿಸಿದೆ. 2019ರ ಮೇ ತಿಂಗಳು ನೆನಪಿದೆಯಾ? ಸ್ವರ್ಣಾ ನದಿ ಒಣಗಿ, ಬಜೆ ಅಣೆಕಟ್ಟಿನಲ್ಲಿ ನೀರಿಲ್ಲದೆ ಉಡುಪಿ ಪೇಟೆ ಪರದಾಡಿದ ವರ್ಷ. ಅಪ್ಪ ತೋಡಿಸಿದ 38 ಅಡಿಯ ಬಾವಿ ಅದೇ ಮೊದಲ ಸಲ ಬತ್ತಿತು. ಹಗ್ಗ ಬಿಟ್ಟರೆ ಕೊಡ ಕಲ್ಲಿಗೆ ತಾಗುವ ಶಬ್ದ. ಅಮ್ಮ ದಂಡೆ ಹಿಡಿದು ಬಗ್ಗಿ ನೋಡಿ, "ನಿನ್ನ ಅಪ್ಪ ಇದ್ದಿದ್ದರೆ ಅಂಗಳ ಮುಚ್ಚಲು ಬಿಡ್ತಿರಲಿಲ್ಲ ಮಗಾ" ಎಂದರು. ಆ ವರ್ಷ ಮಳೆ ತಡವಾದದ್ದೂ ಕಾರಣ, ಒಪ್ಪುತ್ತೇನೆ. ಆದರೂ ಆ ಮಾತು ನನಗೆ ಚುಚ್ಚಿದ್ದು ಇನ್ನೂ ಹೋಗಿಲ್ಲ. ಮರುವರ್ಷ ಲಾಕ್‌ಡೌನಿನಲ್ಲಿ ಕೂತು ಒಂದೊಂದೇ ಬ್ಲಾಕ್ ಹಾರೆಯಲ್ಲಿ ಎಬ್ಬಿಸಿ ತೆಗೆದೆ. ಈಗ ಅವು ಮಲ್ಲಿಗೆ ಗಿಡಗಳ ಸುತ್ತ ಅಂಚಾಗಿ ಕೂತಿವೆ.

ವಯಸ್ಸಾದವರು ಜಾರಿ ಬೀಳುತ್ತಾರೆ ಎಂಬ ಮಾತು ಸುಳ್ಳಲ್ಲ. ಆದರೆ ಅದಕ್ಕೆ ಇಡೀ ಅಂಗಳ ಯಾಕೆ ಮುಚ್ಚಬೇಕು? ಬಾಗಿಲಿನಿಂದ ತುಳಸಿಕಟ್ಟೆಗೆ, ಅಲ್ಲಿಂದ ಬಾವಿಕಟ್ಟೆಗೆ ಎರಡು ಅಡಿ ಅಗಲಕ್ಕೆ ಮುರಕಲ್ಲು ಹಾಸಿದ್ದೇನೆ. ಮಳೆಗಾಲದಲ್ಲಿ ಬದಿಗೆ ತೆಂಗಿನ ಮಡಲು ಹಾಕುತ್ತೇವೆ, ನಮ್ಮ ಅಜ್ಜಿಯರು ಹಾಕುತ್ತಿದ್ದ ಹಾಗೆ. ಅಮ್ಮ ಮತ್ತೆ ಬೀಳಲಿಲ್ಲ.

ಪಕ್ಕದ ಮನೆಯವರು ಒಳ್ಳೆಯವರು, ಅದನ್ನೂ ಹೇಳಬೇಕು. ಮಗಳ ಮದುವೆ. "ಮೆಹಂದಿಗೆ ನಾಲ್ಕು ಜನ ಬರ್ತಾರೆ ಅಣ್ಣ, ಮಣ್ಣಿನ ಅಂಗಳ ಹೇಗೆ ತೋರಿಸುವುದು?" ಎಂದು ನನ್ನನ್ನೇ ಕೇಳಿದರು. ನನಗೆ ಅಳುವೇ ಬಂತು. ಇದೇ ಅಂಗಳದಲ್ಲಿ ಸೆಗಣಿ ಸಾರಿಸಿ, ಚಪ್ಪರ ಹಾಕಿ ಇವರ ಮದುವೆಯೇ ಆದದ್ದು. ಇಲ್ಲೇ ಅಡಿಕೆ ಒಣಗಿದ್ದು, ಆಟಿ ತಿಂಗಳಲ್ಲಿ ಮನೆಮನೆಗೆ ಬರುವ ಆಟಿಕಳಂಜ ಕುಣಿದದ್ದು. ಮಣ್ಣು ನಾಚಿಕೆಯ ವಸ್ತು ಆದದ್ದು ಯಾವಾಗ ಮಾರಾಯ್ರೆ? ಅವರ ಜಾಗ, ಅವರ ಇಷ್ಟ ಎಂದು ಮಗನೂ ಫೋನಿನಲ್ಲಿ ಹೇಳಿದ. ಜಾಗ ಅವರದ್ದೇ. ನೆಲದಡಿಯ ನೀರಿಗೆ ದಾಸವಾಳದ ಬೇಲಿ ಇಲ್ಲ. ಅವರ ಅಂಗಳದಲ್ಲಿ ಇಳಿದದ್ದು ನಮ್ಮ ಬಾವಿಗೂ ಬರುತ್ತಿತ್ತು, ನಮ್ಮದು ಅವರ ಬಾವಿಗೆ.

ಇನ್ನು ಹಾಕಿ ಆಟದ ಮಾತು. ಈ ಕಾಲದಲ್ಲಿ ಮಣ್ಣಿನಲ್ಲಿ ಆಡಿ ಏನು ಪ್ರಯೋಜನ, ಟರ್ಫ್, ಅಂದರೆ ಕೃತಕ ಹುಲ್ಲಿನ ಮೈದಾನ, ಬೇಕು ಎಂದು ಗೆಳೆಯರು ಹೇಳುತ್ತಾರೆ. 1976ರ ಮಾಂಟ್ರಿಯಲ್ ಒಲಿಂಪಿಕ್ಸಿನಲ್ಲಿ ಮೊದಲ ಸಲ ಕೃತಕ ಟರ್ಫ್ ಬಂತು, ಹಿಂದಿನ ವರ್ಷವಷ್ಟೇ ವಿಶ್ವಕಪ್ ಗೆದ್ದ ನಮ್ಮವರು ಏಳನೇ ಸ್ಥಾನಕ್ಕೆ ಬಿದ್ದರು. ಆ ನೋವು ನನಗೂ ಗೊತ್ತು. ಟರ್ಫ್ ಬೇಕು, ಊರೂರಿಗೆ ಬೇಕು. ಆದರೆ ಹತ್ತು ವರ್ಷದ ಮಗುವಿನ ಕೈಗೆ ಸ್ಟಿಕ್ ಕೊಡುವ ಜಾಗ ಮನೆಯ ಬಾಗಿಲಲ್ಲೇ ಇರಬೇಕು. ಕೊಡಗಿನ ವಿರಾಜಪೇಟೆ ಬ್ರಾಂಚಿನಲ್ಲಿ ಕೆಲಸದಲ್ಲಿದ್ದಾಗ ನಾನು ಕಂಡದ್ದು ಅದನ್ನೇ. 1997ರಲ್ಲಿ ಪಾಂಡಂಡ ಕುಟ್ಟಪ್ಪನವರು ಕರಡದಲ್ಲಿ 60 ಕೊಡವ ಕುಟುಂಬಗಳಿಂದ ಶುರು ಮಾಡಿದ ಹಾಕಿ ಹಬ್ಬಕ್ಕೆ 2024ರಲ್ಲಿ ನಾಪೋಕ್ಲಿನಲ್ಲಿ 360 ತಂಡ ಇಳಿದವು. ಮನೆಯಲ್ಲಿ ಸ್ಟಿಕ್ ಇದ್ದು, ಹೊರಗೆ ಕಾಲಿಡಲು ಬಯಲು ಇದ್ದದ್ದಕ್ಕೆ ಅಲ್ಲವಾ?

2021ರ ಆಗಸ್ಟ್ 5ರ ಬೆಳಿಗ್ಗೆ ಟೋಕಿಯೋ ಒಲಿಂಪಿಕ್ಸಿನ ಕಂಚಿನ ಪದಕದ ಪಂದ್ಯ ನೆನೆದರೆ ಈಗಲೂ ಮೈ ಜುಮ್ಮೆನ್ನುತ್ತದೆ. ಜರ್ಮನಿ ಎದುರು 1-3 ಇದ್ದದ್ದು 5-4 ಆಗಿ, ಇನ್ನೇನು ಏಳು ಸೆಕೆಂಡು ಕೂಡ ಉಳಿದಿಲ್ಲ ಎನ್ನುವಾಗ ಅವರಿಗೆ ಪೆನಾಲ್ಟಿ ಕಾರ್ನರ್. ನಮ್ಮ ಗೋಲ್‌ಕೀಪರ್ ಶ್ರೀಜೇಶ್ ತಡೆದರು. ನಲವತ್ತೊಂದು ವರ್ಷದ ನಂತರ ಪದಕ! ನಾನು ಬರಿಗಾಲಲ್ಲಿ ಅಂಗಳಕ್ಕೆ ಓಡಿದೆ, ಜಡಿಮಳೆ. ಬೇಲಿಯ ಆಚೆಯಿಂದ ಪಕ್ಕದ ಮನೆಯವರೂ ಓಡಿ ಬಂದರು. ಇಬ್ಬರೂ ಪಾದ ಮುಳುಗುವ ಕೆಸರಿನಲ್ಲಿ ನಿಂತು ಒಬ್ಬರನ್ನೊಬ್ಬರು ಅಪ್ಪಿಕೊಂಡು ಅತ್ತಿದ್ದೆವು. ಅವರೇ, ನಿನ್ನೆ ಜೆಸಿಬಿ ಕರೆಸಿದವರು. ಮಕ್ಕಳ ಮೊದಲ ಬಾಲು ತಂದುಕೊಟ್ಟದ್ದೂ ಅವರೇ.

ರಾತ್ರಿ ಒಂಬತ್ತಕ್ಕೆ ಅವರ ಮನೆಗೆ ಹೋಗಿ ಒಂದೇ ಕೇಳಿದೆ, ಉಳಿದ ಮಣ್ಣು ಎಲ್ಲಿಗೆ ಹಾಕ್ತೀರಿ ಎಂದು. ಇವತ್ತು ಏಳಕ್ಕೆ ಟಿಪ್ಪರ್ ನಮ್ಮ ಗೇಟಿಗೆ ಬಂತು. ನಮ್ಮ ಬಾವಿಯ ಹಿಂದೆ ಎರಡು ತೆಂಗು ತೆಗೆದ ಗುಂಡಿ ಹಾಗೇ ಇತ್ತು. ಮಕ್ಕಳಿಗೆ ರಜೆ. ಹಾರೆ, ಬುಟ್ಟಿ ಹಿಡಿದು ಆರು ಜನ ಬಂದಿದ್ದಾರೆ, ಹರಡಿ ನೀರು ಹೊಡೆದು ಹಲಗೆಯಲ್ಲಿ ಬಡಿಯುತ್ತಿದ್ದಾರೆ. ಅಮ್ಮ ಕಿಟಕಿಯಿಂದಲೇ, ಇಲ್ಲಿ ತಗ್ಗು, ಅಲ್ಲಿ ಎತ್ತರ ಎಂದು ಹೇಳಿಕೊಡುತ್ತಿದ್ದಾರೆ. ಆ ಹುಡುಗಿ ಕಂಬ ಹೊತ್ತು ತಂದು ಟೇಪು ಕೇಳುತ್ತಿದ್ದಾಳೆ, ಹನ್ನೆರಡು ಅಡಿ ಅಳೆಯಬೇಕಂತೆ. ಹೋಗುತ್ತೇನೆ.