ಬಡ್ಡಿಯೂ ಇಲ್ಲ, ಅಸಲೂ ಇಲ್ಲ

ಮೊನ್ನೆ ಮಾರ್ಚ್‌ನಲ್ಲಿ ದಾವಣಗೆರೆಯ ಒಂದು ಎಸಿ ಹಾಲ್‌ನಲ್ಲಿ ಬಡತನ ನಿರ್ಮೂಲನೆ ನಡೆಯಿತು. ಹತ್ತೂವರೆಗೆ ಶುರುವಾಗಿ ಊಟದ ಹೊತ್ತಿಗೆ ಮುಗಿಯಿತು.

ಮಾರ್ಚ್ ಯಾಕೆ ಅಂತೀರಾ? 2013ರ ಕಂಪನಿ ಕಾಯ್ದೆ ಪ್ರಕಾರ ದೊಡ್ಡ ಕಂಪನಿಗಳು ಲಾಭದ ನೂರಕ್ಕೆ 2 ರೂಪಾಯಿ ಸಮಾಜಕ್ಕೆ ಖರ್ಚು ಮಾಡಬೇಕು. ವರ್ಷದ ಲೆಕ್ಕ ಮುಗಿಯುವುದು ಮಾರ್ಚ್ 31ಕ್ಕೆ. ಹಾಗಾಗಿ ಯುಗಾದಿ ಹತ್ತಿರ ಬಂದಂತೆ ಬೇವು ಚಿಗುರುತ್ತದೆ, ಬಡವರಿಗೆ ಡಿಮ್ಯಾಂಡ್ ಜಾಸ್ತಿ ಆಗುತ್ತದೆ.

ವಿಷಯ, ಸಾಮಾಜಿಕ ಉದ್ಯಮ. ಬೆಂಗಳೂರಿನಿಂದ ಬಂದ ಹುಡುಗ ಖಾದಿ ಜಾಕೆಟ್ ಸರಿ ಮಾಡಿಕೊಂಡು ಹೇಳಿದ: ವ್ಯಾಪಾರವೂ ನಡೆಯಬೇಕು, ನಾಲ್ಕು ಜನಕ್ಕೆ ಉಪಕಾರವೂ ಆಗಬೇಕು. ನನ್ನ ಪಕ್ಕ ಕೂತಿದ್ದ ಮಂಡಕ್ಕಿ ಭಟ್ಟಿ ಸಾಹೇಬರು ಕಿವಿಯಲ್ಲಿ ಅಂದರು, "ಮೂವತ್ತು ವರ್ಷದಿಂದ ಇದನ್ನೇ ಮಾಡ್ತಿದ್ದೀನಿ ಸ್ವಾಮಿ. ಇದಕ್ಕೆ ಹೆಸರಿದೆ ಅಂತ ಗೊತ್ತಿರಲಿಲ್ಲ."

ನಮ್ಮೂರಿಗೆ ಹೆಸರಿನ ಬರ ಯಾವತ್ತೂ ಇರಲಿಲ್ಲ ಬಿಡಿ. ಕರ್ನಾಟಕದ ಮ್ಯಾಂಚೆಸ್ಟರ್ ಅಂದರು, ಹತ್ತಿ ಮಿಲ್ಲು ಮುಚ್ಚಿದವು. 2016ರಲ್ಲಿ ಸ್ಮಾರ್ಟ್ ಸಿಟಿ ಅಂದರು, ಮೊದಲ 20 ಊರುಗಳ ಪಟ್ಟಿಯಲ್ಲೇ ನಾವಿದ್ದೆವು. ಈಗ ಇಂಪ್ಯಾಕ್ಟ್ ಅಂತಿದ್ದಾರೆ.

ಆಮೇಲೆ ಪರದೆ ಮೇಲೆ ಬಂದದ್ದು ಸೋಶಿಯಲ್ ಸ್ಟಾಕ್ ಎಕ್ಸ್‌ಚೇಂಜ್. 2019ರ ಬಜೆಟ್ಟಿನಲ್ಲಿ ಹೇಳಿದರು, 2022ರಲ್ಲಿ ಷೇರುಪೇಟೆಯನ್ನು ನಿಯಂತ್ರಿಸುವ ಸೆಬಿ ನಿಯಮ ಮಾಡಿತು, 2023ರ ಡಿಸೆಂಬರ್‌ನಲ್ಲಿ ಮೊದಲ ಸಂಸ್ಥೆ ಪಟ್ಟಿಗೆ ಸೇರಿತು. ಲಾಭದ ಆಸೆ ಇಲ್ಲದ ಸಂಸ್ಥೆಗಳು ಇಲ್ಲಿ ಬಾಂಡ್ ಮಾರಬಹುದು. ಬಾಂಡಿನ ಹೆಸರು ಜೀರೋ ಕೂಪನ್ ಜೀರೋ ಪ್ರಿನ್ಸಿಪಲ್. ಸಾಹೇಬರು ಕೈ ಎತ್ತಿದರು.

"ಬಡ್ಡಿ ಎಷ್ಟು ಬರುತ್ತೆ?"

"ಸೊನ್ನೆ ಸರ್."

"ಅಸಲು?"

"ಅದೂ ಸೊನ್ನೆ ಸರ್."

ಸಾಹೇಬರು ಸ್ವಲ್ಪ ಹೊತ್ತು ಲೆಕ್ಕ ಹಾಕಿದರು. "ಹಂಗಾದ್ರೆ ನಮ್ಮ ಭಾವ ಎರಡು ವರ್ಷದ ಹಿಂದೆ ಈ ಬಾಂಡ್ ಮೇಲೇ ನನ್ನ ಹತ್ರ ಐವತ್ತು ಸಾವಿರ ಇಸ್ಕೊಂಡಿದ್ದಾನೆ."

ಹುಡುಗ ನಗಲಿಲ್ಲ. ಹಣ ಎಲ್ಲಿ ಹೋಯಿತು, ಏನು ಕೆಲಸ ಆಯಿತು ಅಂತ ಲೆಕ್ಕ ಕೊಡಬೇಕಾಗುತ್ತದೆ ಅಂದ. ಅದೇನೋ ಒಳ್ಳೆಯದೇ. ಭಾವ ಅದನ್ನೂ ಕೊಟ್ಟಿಲ್ಲ. ಆದರೆ ಸುಮ್ನೆ ದಾನ ಅನ್ನುವುದಕ್ಕೆ ಷೇರುಪೇಟೆಯ ಕೋಟು ತೊಡಿಸಿದರೆ ದಾನಿಗೂ ಹೂಡಿಕೆದಾರ ಅನ್ನಿಸಿಕೊಳ್ಳುವ ಖುಷಿ, ಅಲ್ವಾ?

ಬಡವರಿಗೆ ಕಿರುಸಾಲ ಕೊಟ್ಟು ಹೆಸರಾದ ಮುಹಮ್ಮದ್ ಯೂನುಸ್ ಫೋಟೋ ಬರದೆ ಇಂಥ ಸಭೆ ಮುಗಿಯುವುದಿಲ್ಲ, ಬಂತು. 1976ರಲ್ಲಿ ಬಾಂಗ್ಲಾದೇಶದ ಜೋಬ್ರಾ ಹಳ್ಳಿಯಲ್ಲಿ 42 ಜನಕ್ಕೆ ಒಟ್ಟು 27 ಡಾಲರ್ ಸಾಲ. 2006ರಲ್ಲಿ ನೊಬೆಲ್. ನಮ್ಮ ವೇದಿಕೆಯ ಬೊಕೆಗಳ ಬಿಲ್ಲೇ 27 ಡಾಲರ್ ದಾಟಿರಬೇಕು. ಅಲ್ಲಿ ಮನೆ ಬಾಗಿಲಿಗೆ ಬಂದ ಸಾಲ ನಮ್ಮ ಕೇರಿಗಳಿಗೂ ಬಂತು, ಬೇರೆ ಬೇರೆ ಕಂಪನಿಗಳ ಕೈಯಲ್ಲಿ, ಹಿಂದೆಯೇ ವಾರದ ಕಂತು. ಬಾಗಿಲಿನಿಂದ ಅಲ್ಲಾಡದೆ ಕೂರುವ ವಸೂಲಿಯವರು ಎಷ್ಟು ಹೆಚ್ಚಿದರೆಂದರೆ, 2025ರ ಫೆಬ್ರವರಿಯಲ್ಲಿ ನಮ್ಮ ಸರ್ಕಾರ ಸುಗ್ರೀವಾಜ್ಞೆಯನ್ನೇ ತಂದಿತು. ಕಿರುಕುಳ ಕೊಟ್ಟರೆ 10 ವರ್ಷದವರೆಗೆ ಜೈಲು. ಈ ವಿಷಯ ಸ್ಲೈಡಿನಲ್ಲಿರಲಿಲ್ಲ.

ಕಣಗಿನಹಾಳವೂ ಇರಲಿಲ್ಲ. ದಾವಣಗೆರೆಯಿಂದ ಬೆಳಗ್ಗೆ ಹೊರಟರೆ ಮಧ್ಯಾಹ್ನದ ಊಟಕ್ಕೆ ಗದಗದ ಆ ಹಳ್ಳಿ ಸೇರಬಹುದು. 1905ರಲ್ಲೇ ಸಿದ್ದನಗೌಡ ಪಾಟೀಲರು ಅಲ್ಲಿ ಸಹಕಾರ ಸಂಘ ಕಟ್ಟಿದ್ದರು. ಪಾಪ, ಲೋಗೋ ಮಾಡಿಸಿರಲಿಲ್ಲ.

ಕೊನೆಗೆ ಫಲಾನುಭವಿಯನ್ನು ಕರೆದರು. ಹಿಂದಿನ ಸಾಲಿನಲ್ಲಿದ್ದ ಹೆಂಗಸು ಎದ್ದು ಬಂದಳು. ಸೆರಗಿನ ಅಂಚಿನಲ್ಲಿ ಇನ್ನೂ ಮಸಿ ಇತ್ತು. ಬೆಳಗಿನ ಜಾವವೇ ಭಟ್ಟಿ ಮುಂದೆ ಕೂರುವ ಕೈ ಅದು. ಭತ್ತ ನೆನೆಸಿ, ಕುದಿಸಿ, ಒಣಗಿಸಿ, ಅಕ್ಕಿ ಮಾಡಿಸಿ, ಉಪ್ಪುನೀರು ಹಿಡಿಸಿ, ಕಾದ ಮರಳಿಗೆ ಸುರಿದರೆ ಕಣ್ಣು ಮಿಟುಕಿಸುವಷ್ಟರಲ್ಲಿ ಅರಳುತ್ತದೆ. ಅಷ್ಟರೊಳಗೆ ಬಾಚಿ ತೆಗೆಯಬೇಕು. ತಡವಾದರೆ ಸೀದು ಹೋಗುತ್ತದೆ, ಬೇಗ ತೆಗೆದರೆ ಗಟ್ಟಿ ಕಾಳು.

"ನಿಮ್ಮ ಬದುಕಲ್ಲಿ ಏನು ಬದಲಾವಣೆ ಆಯ್ತು ಹೇಳಿ ಅಮ್ಮ."

"ಇವತ್ತಿನ ಕೂಲಿ ಹೋತು ಸಾರ್. ಯಾರು ಕೊಡ್ತೀರಿ?"

ಚಪ್ಪಾಳೆ ಬಿತ್ತು. ಹುಡುಗ ಅದನ್ನು ಫೀಡ್‌ಬ್ಯಾಕ್ ಅಂತ ಬರೆದುಕೊಂಡ. ಆಕೆಗೆ ಬಟ್ಟೆ ಚೀಲ, ಪ್ರಮಾಣಪತ್ರ, ಜೊತೆಗೆ ಸಭೆ ನಡೆಸಿದವರದೇ ಉತ್ಪನ್ನದ ಡಬ್ಬಿ ಸಿಕ್ಕಿತು. ಡಬ್ಬಿ ಮೇಲೆ ಆಕೆಯದೇ ಫೋಟೋ, ಕೆಳಗೆ ಕ್ಯೂಆರ್ ಕೋಡ್. 60 ಗ್ರಾಂ ಮಂಡಕ್ಕಿ, 149 ರೂಪಾಯಿ.

ಆಕೆ ಫೋಟೋ ನೋಡಲಿಲ್ಲ. ಮುಚ್ಚಳ ಬಿಚ್ಚಿ ನಾಲ್ಕು ಕಾಳು ಬಾಯಿಗೆ ಹಾಕಿಕೊಂಡಳು. ಎರಡು ಸಲ ಅಗಿದು, ಡಬ್ಬಿಯನ್ನು ಸಾಹೇಬರ ಕಡೆ ಚಾಚಿದಳು.

"ಮೆತ್ತಗಾಗೈತಿ ಸಾಹೇಬ್ರೆ."