ಕೊಟ್ಟಿಗೆ ಮಾಡಿನ ಧೂಳು ಯಾರ ಲೆಕ್ಕಕ್ಕೆ?

ಕಳೆದ ತಿಂಗಳು ನಮ್ಮ ಮನೆಯ ಟಪಾಲು ಡಬ್ಬಿಯಲ್ಲಿ ಒಂದು ಚೀಟಿ ಇತ್ತು. ನಾವಿರುವುದು ಸಿಡ್ನಿಯ ಪಶ್ಚಿಮಕ್ಕಿರುವ ಒಂದು ಹಳೇ ಬಡಾವಣೆ. ಪಕ್ಕದ ಮನೆಯವರು ಹಿತ್ತಲಿನ ಕಾರ್ ಶೆಡ್ಡು ತೆಗೆಸುತ್ತಾರಂತೆ, ಅದರ ಗೋಡೆ, ಮಾಡು ಎರಡೂ ಆಸ್ಬೆಸ್ಟಾಸ್ ಶೀಟಂತೆ, ಆ ದಿನ ಬೆಳಿಗ್ಗೆ ಕಿಟಕಿ ಮುಚ್ಚಿಡಿ, ಬಟ್ಟೆ ಹೊರಗೆ ಒಣಹಾಕಬೇಡಿ ಅಂತ ಬರೆದಿತ್ತು. ಕೆಳಗೆ ಕೆಲಸ ಮಾಡುವವರ ಲೈಸೆನ್ಸ್ ನಂಬರು.

ಆ ದಿನ ನಾನು ಕಿಟಕಿ ಗಾಜಿನ ಹಿಂದೆ ನಿಂತು ನೋಡಿದೆ. ಬಂದವರು ಇಬ್ಬರೇ. ಮೈತುಂಬ ಬಿಳಿ ಸೂಟು, ಮುಖಕ್ಕೆ ಬಿಗಿಯಾದ, ಸಣ್ಣ ಧೂಳನ್ನೂ ತಡೆಯುವ ಪಿ2 ಮಾಸ್ಕು. ಮೊದಲು ಶೀಟಿಗೆಲ್ಲ ನೀರು ಸಿಂಪಡಿಸಿದರು. ಆಮೇಲೆ ಒಂದೊಂದೇ ಸ್ಕ್ರೂ ಬಿಚ್ಚಿ, ಇಡೀ ಶೀಟನ್ನು ಮುರಿಯದಂತೆ ಕೈಯಿಂದ ಕೈಗೆ ಇಳಿಸಿದರು. ದಪ್ಪ ಪ್ಲಾಸ್ಟಿಕ್ಕಿನಲ್ಲಿ ಎರಡೆರಡು ಸುತ್ತು ಸುತ್ತಿ, ಟೇಪ್ ಹಚ್ಚಿ, ಎಚ್ಚರಿಕೆಯ ಚೀಟಿ ಅಂಟಿಸಿದರು. ಕೊನೆಗೆ ಹಾಕಿಕೊಂಡ ಸೂಟನ್ನೂ ಬಿಚ್ಚಿ ಅದೇ ಥರ ಚೀಲಕ್ಕೆ ತುಂಬಿದರು. ಮನೆಗೆ ಹೋಗುವ ಬಟ್ಟೆಯಲ್ಲಿ ಒಂದು ಚೂರು ಧೂಳೂ ಹೋಗಬಾರದು, ಅಷ್ಟೇ ಅವರ ಗುರಿ.

ನನಗೆ ಸಿಟ್ಟು ಬಂತು. ಅವರ ಮೇಲಲ್ಲ, ನಮ್ಮೂರಿನ ಮೇಲೆ.

ಅಂಕೋಲಾದ ಹತ್ತಿರ ನಮ್ಮನೆ. ಮೇ ತಿಂಗಳು ಬಂತೆಂದರೆ ಊರಿಡೀ ಮಳೆಗಾಲದ ತಯಾರಿ. ಯಾರ ಕೊಟ್ಟಿಗೆ ನೋಡಿದರೂ, ಯಾರ ಬಚ್ಚಲಮನೆ ನೋಡಿದರೂ ಮೇಲೆ ಒಬ್ಬ ಮನುಷ್ಯ ಇರುತ್ತಾನೆ. ಹೋದ ಬೇಸಿಗೆಯಲ್ಲಿ ನಾನಿದ್ದಾಗ ನಮ್ಮ ಕೊಟ್ಟಿಗೆಗೂ ನಾಲ್ಕು ಹೊಸ ಸಿಮೆಂಟ್ ಶೀಟು ಬಂದಿತ್ತು. ಹಾವೇರಿ ಕಡೆಯಿಂದ ಬಂದ ಹುಡುಗ, ಇಪ್ಪತ್ತೆರಡು ಇಪ್ಪತ್ಮೂರು ವರ್ಷ ಇರಬಹುದು. ಶೀಟನ್ನು ಅಂಗಳದಲ್ಲಿ ಹಾಸಿ, ಕಾಲಲ್ಲಿ ಒತ್ತಿ ಹಿಡಿದು, ಗ್ರೈಂಡರ್ ಚಾಲೂ ಮಾಡಿದ. ಬಿಳೀ ಧೂಳು ಬುಸ್ಸೆಂದು ಎದ್ದು ಅವನ ಮುಖವೇ ಕಾಣದ ಹಾಗಾಯಿತು. ಮಷೀನು ನಿಂತ ಮೇಲೆ ನೋಡಿದರೆ ಹುಬ್ಬು, ರೆಪ್ಪೆ, ಕಿವಿಯ ಮೇಲಿನ ಕೂದಲು ಎಲ್ಲ ಬೆಳ್ಳಗೆ. ಮೂಗಿಗೆ ಕಟ್ಟಿದ್ದ ಟವೆಲ್ ಬಿಚ್ಚಿ ಕಟ್ಟೆಗೆ ಎರಡು ಸಲ ಕೊಡವಿ, ಅದರಲ್ಲೇ ಮುಖ ಒರೆಸಿಕೊಂಡು, ಆಯಿ ಕೊಟ್ಟ ಮಜ್ಜಿಗೆ ಕುಡಿದ. ಉಳಿದ ತುಂಡುಗಳು ಕಟ್ಟಿಗೆ ರಾಶಿಯ ಮೇಲೆ ಹೋದವು. ಪುಡಿಯಾದದ್ದು ಗೇಟಿನ ಹತ್ತಿರದ ಗುಂಡಿಗೆ.

"ಮಾಸ್ಕ್ ಹಾಕ್ಕೋ ಮಾರಾಯ" ಅಂದೆ. "ಸೆಖೆ ಸರ್, ಉಸಿರು ಕಟ್ತದೆ" ಅಂದ. ಅವನು ಹೇಳಿದ್ದೂ ಸುಳ್ಳಲ್ಲ, ಮೇ ತಿಂಗಳ ಕರಾವಳಿಯ ಸೆಖೆ ಗೊತ್ತಲ್ವಾ.

ಸಿಮೆಂಟ್ ಶೀಟು ಅಂತ ನಾವು ಕರೆಯುವುದರಲ್ಲಿ ಸಾಮಾನ್ಯವಾಗಿ ನೂರಕ್ಕೆ 8ರಿಂದ 10 ಪಾಲು ಬಿಳಿ ಕಲ್ನಾರು, ಅಂದರೆ ಬಿಳಿ ಆಸ್ಬೆಸ್ಟಾಸ್, ಇರುತ್ತದೆ. ಶೀಟು ಗಟ್ಟಿಯಾಗಿ, ಮುಟ್ಟದೆ ಇದ್ದಾಗ ಅಪಾಯ ಕಡಿಮೆ. ಕತ್ತರಿಸಿದಾಗ, ತೂತು ಕೊರೆದಾಗ, ಒಡೆದಾಗ, ಪಾಚಿ ತೆಗೆಯಲು ತಂತಿ ಬ್ರಷ್ಷಿನಲ್ಲಿ ಉಜ್ಜಿದಾಗ ಕಣ್ಣಿಗೆ ಕಾಣದ ಎಳೆಗಳು ಗಾಳಿಗೆ ಬರುತ್ತವೆ. ಶ್ವಾಸಕೋಶದ ಆಳಕ್ಕೆ ಹೋಗಿ ಕೂತವು ಅಷ್ಟು ಸುಲಭಕ್ಕೆ ಹೊರಗೆ ಬರುವುದಿಲ್ಲ. ಬಿಳಿ, ನೀಲಿ, ಕಂದು, ಯಾವ ಕಲ್ನಾರಾದರೂ ಕ್ಯಾನ್ಸರ್ ತರುತ್ತದೆ ಎಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. ಬೀಡಿ ಸೇದುವವನಿಗಂತೂ ಶ್ವಾಸಕೋಶದ ಕ್ಯಾನ್ಸರ್ ಅಪಾಯ ಇನ್ನೂ ಎಷ್ಟೋ ಪಟ್ಟು ಜಾಸ್ತಿ. ಕೆಲಸದ ಬಟ್ಟೆ ಒಗೆದ ಹೆಂಡತಿಯರಿಗೂ ಕಲ್ನಾರಿನ ಕಾಯಿಲೆ ಬಂದ ಉದಾಹರಣೆಗಳು ಹೊರದೇಶಗಳಲ್ಲಿ ಬೇಕಾದಷ್ಟಿವೆ.

ಎಲ್ಲಕ್ಕಿಂತ ಕೆಟ್ಟದ್ದು, ಇದು ತೋರಿಸಿಕೊಳ್ಳಲು ಇಪ್ಪತ್ತು, ಮೂವತ್ತು, ನಲವತ್ತು ವರ್ಷ ತೆಗೆದುಕೊಳ್ಳುತ್ತದೆ. ಅಷ್ಟು ಹೊತ್ತಿಗೆ ಆ ಹುಡುಗ ಯಾವ ಊರಲ್ಲಿರುತ್ತಾನೋ. ದಮ್ಮು ಹತ್ತಿದರೆ ಬೀಡಿ ಅನ್ನುತ್ತಾರೆ, ಟಿಬಿ ಅನ್ನುತ್ತಾರೆ, ವಯಸ್ಸಾಯಿತು ಅನ್ನುತ್ತಾರೆ. ನಮ್ಮೂರಲ್ಲಿ ಬದುಕಿಡೀ ಮಾಡಿನ ಕೆಲಸ ಮಾಡಿದ ಒಬ್ಬರು ಕೊನೆಯ ಎರಡು ವರ್ಷ ಹತ್ತು ಹೆಜ್ಜೆ ನಡೆಯಲಾರದೆ ಜಗಲಿಯಲ್ಲೇ ಕೂತು ಹೋದರು. ಶೀಟೇ ಕಾರಣ ಅಂತ ನಾನು ಹೇಳಲಾರೆ. ಆದರೆ ನೀವು ಏನು ಕೆಲಸ ಮಾಡುತ್ತಿದ್ದಿರಿ ಅಂತ ಅವರನ್ನು ಯಾವ ಡಾಕ್ಟರೂ ಕೇಳಲಿಲ್ಲವಂತೆ. ನನ್ನನ್ನು ಕಾಡುವುದು ಅದು.

1995ರಲ್ಲಿ ನಮ್ಮ ಸುಪ್ರೀಂ ಕೋರ್ಟೇ ಹೇಳಿದೆ, ಕಲ್ನಾರಿನ ಕೆಲಸಗಾರರ ಆರೋಗ್ಯದ ದಾಖಲೆಯನ್ನು ಕೆಲಸಕ್ಕೆ ಸೇರಿದಾಗಿನಿಂದ ಕನಿಷ್ಠ 40 ವರ್ಷ ಅಥವಾ ಕೆಲಸ ಬಿಟ್ಟು 15 ವರ್ಷ, ಯಾವುದು ತಡವೋ ಅಲ್ಲಿಯವರೆಗೆ ಇಡಬೇಕು ಅಂತ. ಫ್ಯಾಕ್ಟರಿ ಗೇಟಿನ ಒಳಗಿರುವವನ ಹೆಸರು ಎಲ್ಲಾದರೂ ಬರೆದಿಟ್ಟಿರಬಹುದು. ಇವತ್ತು ಅಂಕೋಲಾ, ನಾಳೆ ಕುಮಟಾ, ನಾಡಿದ್ದು ಶಿರಸಿ ಅಂತ ಗ್ರೈಂಡರ್ ಹೊತ್ತು ತಿರುಗುವವನ ದಾಖಲೆ ಯಾರ ಹತ್ತಿರ ಇದೆ? ಇಲ್ಲಿ ಸಿಡ್ನಿಯಲ್ಲಿ ಒಂದು ಶೆಡ್ಡಿನ ಧೂಳಿಗೆ ಒಬ್ಬ ಹೊಣೆಗಾರ ಇದ್ದಾನೆ, ಅವನ ಲೈಸೆನ್ಸು ಹೋಗಬಹುದು, ದಂಡ ಬೀಳಬಹುದು. ನಮ್ಮಲ್ಲಿ ಮನೆಯವರು ಮೇಸ್ತ್ರಿ ಕಡೆ, ಮೇಸ್ತ್ರಿ ಅಂಗಡಿ ಕಡೆ ಕೈ ತೋರಿಸುತ್ತಾರೆ. ಧೂಳು ಮಾತ್ರ ಆ ಹುಡುಗನೊಬ್ಬನದೇ.

ಇನ್ನೊಂದು ಕಡೆಯನ್ನೂ ಹೇಳಬೇಕು. ಆಸ್ಟ್ರೇಲಿಯಾದವರೇನು ಹುಟ್ಟಾ ಜಾಣರಲ್ಲ. ಎರಡನೇ ಮಹಾಯುದ್ಧದ ನಂತರ ಇಲ್ಲಿ ಬೀದಿಗೆ ಬೀದಿಯೇ ಈ ಶೀಟಿನಲ್ಲಿ ಎದ್ದಿತು, ಬಡಗಿಗಳು ಬರಿಗೈಯಲ್ಲಿ ಕೊಯ್ದರು. ಪಶ್ಚಿಮ ಆಸ್ಟ್ರೇಲಿಯಾದ ವಿಟೆನೂಮ್ ಎಂಬಲ್ಲಿ 1966ರವರೆಗೆ ನೀಲಿ ಕಲ್ನಾರು ತೆಗೆದರು, ಅಲ್ಲಿ ದುಡಿದವರೂ ಅವರ ಮಕ್ಕಳೂ ನೂರಾರು ಜನ ಸತ್ತರು. ಕಾರ್ಮಿಕ ಸಂಘಗಳು ವರ್ಷಗಟ್ಟಲೆ ಬಡಿದಾಡಿದ ಮೇಲೆ, 2003ರ ಕೊನೆಯ ದಿನ ಪೂರ್ತಿ ನಿಷೇಧ ಬಂತು. ಹಳೇ ಮನೆಗಳಲ್ಲಿರುವುದು ಈಗಲೂ ಹಾಗೇ ಇದೆ, ಅದಕ್ಕೇ ಆ ಚೀಟಿ.

ಊರಿನವರಿಗೂ ಕಾರಣಗಳಿವೆ, ಒಪ್ಪುತ್ತೇನೆ. ಶಿರಸಿ ಕಡೆ ಅತ್ತೆ ಮನೆಯಲ್ಲಿ ಮಂಗಗಳು ಹಂಚು ಉಳಿಯಗೊಡುವುದಿಲ್ಲ. ಕರಾವಳಿಯ ಉಪ್ಪುಗಾಳಿಗೆ ತಗಡು ಬೇಗ ತುಕ್ಕು ಹಿಡಿಯುತ್ತದೆ, ಮಳೆ ಬಂದರೆ ಕೆಳಗೆ ಕೂತು ಮಾತಾಡಲಿಕ್ಕಾಗುವುದಿಲ್ಲ. ಸಿಮೆಂಟ್ ಶೀಟು ಅಗ್ಗ, ಬೇಗ ಆಗುತ್ತದೆ. ಕಲ್ನಾರಿಲ್ಲದ ಫೈಬರ್ ಸಿಮೆಂಟ್ ಶೀಟು ನಮ್ಮ ದೇಶದಲ್ಲೂ ತಯಾರಾಗುತ್ತದೆ, ಆದರೆ ನಮ್ಮೂರ ಅಂಗಡಿಯಲ್ಲಿ ಕೇಳಿದರೆ "ಅದೆಲ್ಲ ಯಾರು ತಗೊಳ್ತಾರೆ" ಅನ್ನುತ್ತಾರೆ. ಆದರೂ ನೀರು ಸಿಂಪಡಿಸಲು ಖರ್ಚಿಲ್ಲ. ಗ್ರೈಂಡರ್ ಬದಲು ಕೈಗರಗಸ ಹಿಡಿದರೆ ಧೂಳು ಎಷ್ಟೋ ಕಡಿಮೆ. ಅಳತೆ ಮೊದಲೇ ಕೊಟ್ಟು ಇಡೀ ಶೀಟು ಹೊಂದುವಂತೆ ಪಕಾಸಿ ಇಟ್ಟರೆ ಕೊಯ್ಯುವುದೇ ಬೇಡ.

ದೀಪಾವಳಿ ಕಳೆದ ಮೇಲೆ ಕೊಟ್ಟಿಗೆಯ ಉಳಿದ ಅರ್ಧ ಮಾಡು ಬದಲಿಸಬೇಕಿದೆ. ಮೇಸ್ತ್ರಿಗೆ ಫೋನ್ ಮಾಡಿ ಹೇಳಿದೆ, ಹಳೇ ಶೀಟು ಒಡೆಯದೆ ಇಳಿಸಿ, ಪೈಪು ಎಳೆದು ನೀರು ಬಿಡಿ, ಹುಡುಗರಿಗೆ ಮಾಸ್ಕ್ ನಾನು ತರಿಸುತ್ತೇನೆ, ಬೆಳಗಿನ ತಂಪಲ್ಲಿ ಮಾತ್ರ ಕೆಲಸ ಅಂತ. "ಹಂಗ್ ಮಾಡಿದ್ರೆ ಒಂದು ದಿನದ ಕೂಲಿ ಜಾಸ್ತಿ ಬೀಳ್ತದೆ" ಅಂದರು. ಬೀಳಲಿ, ಕೊಡುತ್ತೇನೆ ಅಂದೆ.